ಈಡು ಎಷ್ಟು, ದೂರ ಎಷ್ಟು?

ಮೊದಲೇ ಹೇಳಿಬಿಡ್ತೀನಿ, ನಾನು ಬೇಟೆಗಾರನಲ್ಲ. ಕೇಕಿಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿ ತಿನ್ನೋ ಮನೆಯಿಂದ ಬಂದವನು. ಆದರೂ ಕಳೆದ ಬೇಸಿಗೆಯಲ್ಲಿ ನನ್ನ ಶನಿವಾರಗಳೆಲ್ಲ ಒಂದು ಕೋವಿಗೆ ಎಷ್ಟು ಮದ್ದು ಹಾಕಬೇಕು, ಎಂಥ ಗುಂಡು ಹಾಕಬೇಕು ಅನ್ನೋ ಲೆಕ್ಕದಲ್ಲೇ ಕಳೆದುಹೋದವು.

ಆಗಿದ್ದಿಷ್ಟು. ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ನಮ್ಮ ಟೀಮಿನಲ್ಲೊಬ್ಬರು ಹಿರಿಯರಿದ್ದಾರೆ, ರಿಟೈರ್ ಆಗೋಕೆ ಇನ್ನೆರಡು ವರ್ಷ. ಅಲಾಸ್ಕಾಕ್ಕೆ ಹೋಗಿ ಕ್ಯಾರಿಬೂ ಬೇಟೆಯಾಡಬೇಕು, ಅದೂ ಬಾಯಿಂದ ಮದ್ದು ತುಂಬುವ ಕೋವಿಯಲ್ಲೇ ಆಡಬೇಕು ಅನ್ನೋದು ಅವರ ಬಹಳ ದಿನದ ಆಸೆ. "ನೀನು ಮೆಕ್ಯಾನಿಕಲ್ ಓದಿದವನಲ್ವಾ, 300 ಗಜಕ್ಕೆ ಯಾವ ಲೋಡ್ ಸರಿ ಅಂತ ಒಂದು ಪ್ರೋಗ್ರಾಂ ಬರೆದು ಹೇಳು" ಅಂದ್ರು. ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಜಾವಾ. ಪ್ರೊಜೆಕ್ಟೈಲ್ ಮೋಷನ್ ಪರೀಕ್ಷೆ ಮುಗಿದ ಮೇಲೆ ಮೊದಲ ಸಲ ಉಪಯೋಗಕ್ಕೆ ಬರ್ತಿದೆಯಲ್ಲ ಅಂತ ಖುಷಿಯಾಗಿ ಒಪ್ಕೊಂಡೆ :-)

ಮಲೆನಾಡು, ಕೊಡಗಿನ ಕಡೆಯವರಿಗೆ ಈ ಕೋವಿಯ ಪರಿಚಯ ಮಾಡಿಕೊಡಬೇಕಿಲ್ಲ. ನಮ್ಮ ಕೇಪಿನ ಕೋವಿಯ ಜಾತಿಯದ್ದೇ. ತೋಟಾ ಇಲ್ಲ. ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಕೋಲಿನಿಂದ ಕೆಳಗೆ ತಳ್ಳಿ ಕೂರಿಸಬೇಕು. ಒಂದು ಈಡು ಹೊಡೆದರೆ ಮುಗೀತು, ಇನ್ನೊಂದು ತುಂಬೋ ಹೊತ್ತಿಗೆ ಪ್ರಾಣಿ ಗುಡ್ಡ ದಾಟಿರುತ್ತೆ. ಪೆಟ್ಟು ಬಿದ್ದರೆ ಕಿಡಿಯಾಗುವ ಮದ್ದಿನಿಂದ ಕೋವಿ ಹಾರಿಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ತಗೊಂಡಾತ ಅಲೆಕ್ಸಾಂಡರ್ ಫಾರ್ಸಿತ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ. 1985ರಲ್ಲಿ ಟೋನಿ ನೈಟ್ ಅನ್ನುವವರು ತಂದ ಎಂಕೆ-85 ಕೋವಿಯಲ್ಲಿ ಕೇಪು ನಳಿಗೆಯ ಹಿಂದೆ ನೇರ ಸಾಲಿನಲ್ಲಿತ್ತು. ಇವತ್ತಿನ 'ಇನ್‌ಲೈನ್' ಕೋವಿಗಳಿಗೆಲ್ಲ ಅದೇ ಹಾದಿ ಹಾಕಿಕೊಟ್ಟಿದ್ದು. ಈಗಿನವುಗಳಲ್ಲಿ ಕೇಪಿನ ಬದಲು ಶಾಟ್‌ಗನ್ ತೋಟಾದ 209 ಪ್ರೈಮರ್ ಕೂರುತ್ತೆ. ನಮ್ಮ ಹಿರಿಯರದ್ದೂ ಅಂಥದ್ದೇ, ಅರ್ಧ ಇಂಚು ಬಾಯಿಯ .50 ಕ್ಯಾಲಿಬರ್.

ಇನ್ನು ಕ್ಯಾರಿಬೂ. ಸಾಂಟಾ ಕ್ಲಾಸ್ ಬಂಡಿ ಎಳೆಯುವ ರೈನ್‌ಡೀರ್ ಇದೇ ಪ್ರಭೇದ. ಗಂಡು, ಹೆಣ್ಣು ಎರಡಕ್ಕೂ ಕೊಂಬಿರುತ್ತೆ. ಅಲಾಸ್ಕಾದ ಬೆಳೆದ ಗಂಡು ಸರಾಸರಿ 160ರಿಂದ 180 ಕೆ.ಜಿ. ತೂಗುತ್ತೆ. ಇವು ಇರೋ ಟಂಡ್ರಾ ಬಟಾಬಯಲು, ಅಡಗೋಕೆ ಒಂದು ಮರ ಇಲ್ಲ. ಅದಕ್ಕೇ ಎಲ್ಲರೂ ದೂರದಿಂದ ಹೊಡೆಯೋ ಮಾತಾಡ್ತಾರೆ.

ಗುಂಡಿನಲ್ಲಿ ನಮ್ಮ ಮುಂದೆ ಮೂರು ದಾರಿ ಇದ್ದವು. ಮೊದಲನೆಯದು ಹಳೇ ಕಾಲದ ಸೀಸದ ಉಂಡೆ, ಬಟ್ಟೆಯ ಚೂರಿನಲ್ಲಿ ಸುತ್ತಿ ತುಂಬೋದು. ನೋಡೋಕೆ ಚೆಂದ, ಆದರೆ ಗಾಳಿ ಸೀಳೋದರಲ್ಲಿ ಉಂಡೆಯಷ್ಟು ದಡ್ಡ ಆಕಾರ ಇನ್ನೊಂದಿಲ್ಲ. 100 ಗಜ ಹೋಗೋಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಖರ್ಚಾಗಿರುತ್ತೆ. ಎರಡನೆಯದು 400 ಗ್ರೇನ್ ಆಸುಪಾಸಿನ ಉದ್ದನೆ ಸೀಸದ ಗುಂಡು (ಒಂದು ಗ್ರೇನ್ ಅಂದರೆ 0.065 ಗ್ರಾಂ). ಆಳಕ್ಕೇನೋ ಇಳಿಯುತ್ತೆ, ಆದರೆ ನಿಧಾನದ್ದು, ದೂರ ಹೋದಂತೆ ದಬಕ್ಕಂತ ಕೆಳಗೆ ಬೀಳುತ್ತೆ. ಮೂರನೆಯದು ಸೇಬೋ. ಸಣ್ಣ ವ್ಯಾಸದ, ಚೂಪು ಮೂತಿಯ ಗುಂಡಿಗೆ ಪ್ಲಾಸ್ಟಿಕ್ ಬಟ್ಟಲಿನ ಅಂಗಿ. ನಳಿಗೆ ದಾಟಿದ ಕೂಡಲೇ ಅಂಗಿ ಕಳಚಿಬೀಳುತ್ತೆ, ಗುಂಡು ಮಾತ್ರ ಮುಂದಕ್ಕೆ ಹೋಗುತ್ತೆ. ದೂರದ ಮಾತಾದ್ದರಿಂದ 250 ಗ್ರೇನ್‌ನ ಸೇಬೋ ಗುಂಡನ್ನೇ ಆರಿಸಿದ್ವಿ.

ಮದ್ದಿನ ಅಳತೆಯಲ್ಲಿ ಒಂದು ತಮಾಷೆ ಇದೆ, ತಿಳಿಯದಿದ್ದರೆ ಪ್ರಾಣಕ್ಕೇ ಬರೋ ತಮಾಷೆ. ಕಪ್ಪು ಮದ್ದನ್ನು ಇವರು ಅಳೆಯೋದು ತೂಕದಲ್ಲಲ್ಲ, ನಮ್ಮಲ್ಲಿ ಸೇರು, ಪಾವು ಇದ್ದ ಹಾಗೆ ಅಳತೆ ಪಾತ್ರೆಯಲ್ಲಿ. ಒಂದು ಸೇರು ಮಂಡಕ್ಕಿ, ಒಂದು ಸೇರು ಅಕ್ಕಿ ಒಂದೇ ತೂಕ ಇರುತ್ತಾ? ಹಾಗೇ ಇಲ್ಲೂ. ಬ್ಲ್ಯಾಕ್‌ಹಾರ್ನ್ 209 ಅನ್ನೋ ಬದಲಿ ಮದ್ದಿನ '100 ಗ್ರೇನ್ ಅಳತೆ' ತಕ್ಕಡಿಗೆ ಹಾಕಿದರೆ ಸುಮಾರು 70 ಗ್ರೇನ್ ಅಷ್ಟೇ. ತಕ್ಕಡಿಯಲ್ಲೇ 100 ತೂಗಿ ತುಂಬಿದರೆ ಮಿತಿ ಮೀರಿದ ಹಾಗೆ, ಯಾಕಂದ್ರೆ ಅದರ ಗರಿಷ್ಠವೇ 120 ಅಳತೆ, ಅಂದರೆ ಸುಮಾರು 84 ಗ್ರೇನ್ ತೂಕ. ಟ್ರಿಪಲ್ ಸೆವೆನ್ ಅನ್ನೋದು ಅದೇ ಅಳತೆಯ ಕಪ್ಪು ಮದ್ದಿಗಿಂತ ಸುಮಾರು 15 ಪರ್ಸೆಂಟ್ ಜೋರು. ಇನ್ನು ಮಾಮೂಲಿ ರೈಫಲ್ ತೋಟಾದೊಳಗಿನ ಹೊಗೆಯಿಲ್ಲದ ಮದ್ದನ್ನು ಇಂಥ ಕೋವಿಗೆ ಸುರಿದರೆ ನಳಿಗೆಯೇ ಸೀಳಬಹುದು.

ಇನ್ನೊಂದು ಫಜೀತಿ. ಅಮೆರಿಕದ ವಿಮಾನಗಳಲ್ಲಿ ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಚೆಕ್-ಇನ್ ಮಾಡಬಹುದು. ಆದರೆ ಕಪ್ಪು ಮದ್ದು, ಅದರ ಬದಲಿ ಮದ್ದುಗಳು, ಕೇಪು, ಪ್ರೈಮರ್ ಯಾವುದನ್ನೂ ಒಯ್ಯುವಂತಿಲ್ಲ. ಮದ್ದು ಬದಲಾದರೆ ಗುಂಡು ಬೀಳೋ ಜಾಗವೂ ಬದಲಾಗುತ್ತೆ. ಹಾಗಾಗಿ ಹಿರಿಯರು ಮೊದಲು ಆಂಕರೇಜ್‌ನ ಅಂಗಡಿಗೆ ಫೋನ್ ಮಾಡಿ ಅಲ್ಲಿ ಯಾವ ಮದ್ದು ಸಿಗುತ್ತೆ ಅಂತ ಕೇಳಿಕೊಂಡ್ರು. ಇಲ್ಲಿ ಅಭ್ಯಾಸ ಮಾಡಿದ್ದೂ ಅದರಲ್ಲೇ.

100 ಅಳತೆಯ ಮದ್ದಿಗೆ ಗುಂಡು ಸೆಕೆಂಡಿಗೆ ಸುಮಾರು 2000 ಅಡಿ ವೇಗದಲ್ಲಿ ಹೊರಟಿತು. "120 ಹಾಕಿ ನೋಡೋಣ" ಅಂದ್ರು. ವೇಗವೇನೋ ನೂರು ಚಿಲ್ಲರೆ ಅಡಿ ಏರಿತು. ಆದರೆ 100 ಗಜದ ಗುರಿಯಲ್ಲಿ ಮೂರು ತೂತುಗಳು 4 ಸೆಂ.ಮೀ. ಒಳಗೆ ಬೀಳ್ತಿದ್ದದ್ದು 9 ಸೆಂ.ಮೀ.ಗೆ ಹರಡಿಕೊಂಡವು, ಅವರ ಭುಜ ನೀಲಿಯಾಯ್ತು. 100ಕ್ಕೇ ವಾಪಸ್ ಬಂದ್ವಿ.

ಈಗ ನನ್ನ ಪ್ರೋಗ್ರಾಂ ಹೇಳಿದ್ದು ಕೇಳಿ. ಕ್ಯಾರಿಬೂವಿನ ಹೃದಯ, ಶ್ವಾಸಕೋಶದ ಭಾಗ ಅಂದರೆ ಹೆಚ್ಚುಕಮ್ಮಿ ಒಂದು ಊಟದ ತಟ್ಟೆಯಷ್ಟು, 25 ಸೆಂ.ಮೀ. ಅಂದುಕೊಳ್ಳಿ. ನಡುವಿಗೆ ಗುರಿ ಇಟ್ಟರೆ ಆಚೀಚೆ ತಪ್ಪಿಗೆ ಸಿಗೋದು ಹನ್ನೆರಡೇ ಸೆಂ.ಮೀ. ಅಡ್ಡಗಾಳಿ ಗಂಟೆಗೆ 16 ಕಿ.ಮೀ. ಇದ್ದರೆ ಈ ಗುಂಡು 150 ಗಜದಲ್ಲಿ 14 ಸೆಂ.ಮೀ.ಯಷ್ಟು ಪಕ್ಕಕ್ಕೆ ಸರಿಯುತ್ತೆ. 200 ಗಜದಲ್ಲಿ 28. 300 ಗಜದಲ್ಲಿ 60 ದಾಟುತ್ತೆ! 16 ಕಿ.ಮೀ. ಅಂದರೆ ದೊಡ್ಡ ಗಾಳಿಯೇನಲ್ಲ, ತಂತಿ ಮೇಲೆ ಒಣಹಾಕಿದ ಬಟ್ಟೆ ಅಲ್ಲಾಡಿಸೋ ಗಾಳಿ. ಗಾಳಿಯನ್ನು ಅಂದಾಜು ಮಾಡಿ ಪಕ್ಕಕ್ಕೆ ಗುರಿ ಇಡಬಹುದು ಅಂತೀರಾ? ಅಂದಾಜು ಅರ್ಧ ತಪ್ಪಿದರೂ 150ರಲ್ಲಿ ತಟ್ಟೆಯೊಳಗೇ ಇರ್ತೀರಿ. 300ರಲ್ಲಿ ತಟ್ಟೆಯಿಂದ ಆಚೆ, ಹೊಟ್ಟೆಗೋ ತೊಡೆಗೋ ಬಿತ್ತು.

ಕೆಳಗೆ ಬೀಳೋ ಲೆಕ್ಕವೂ ಹಾಗೇ. ನಳಿಗೆಯ ಗೆರೆಯಿಂದ 200 ಗಜಕ್ಕೆ ಸುಮಾರು 60 ಸೆಂ.ಮೀ., 300ಕ್ಕೆ 160. ಮರವಿಲ್ಲದ ಬಯಲಲ್ಲಿ ಕಣ್ಣಂದಾಜು ಪೂರ್ತಿ ಕೈಕೊಡುತ್ತೆ. 250 ಗಜ ಅಂದುಕೊಂಡದ್ದು 275 ಆಗಿದ್ದರೆ ಗುಂಡು 20 ಸೆಂ.ಮೀ. ಕೆಳಗೆ. ಇದಕ್ಕೆ ಲೇಸರ್ ಯಂತ್ರ ಇದೆ ಅನ್ನಿ. ಆದರೆ ಪ್ರಾಣಿಯ ಕಾಲಿಗೆ ಯಂತ್ರ ಇಲ್ಲ. ಗುಂಡು 200 ಗಜ ಹೋಗೋಕೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಸುಮ್ಮನೆ ಮೇಯುತ್ತಾ ನಡೆಯೋ ಕ್ಯಾರಿಬೂ ಅರ್ಧ ಮೀಟರ್ ಮುಂದೆ ಹೋಗಿರುತ್ತೆ. ಇಷ್ಟೆಲ್ಲ ದಾಟಿ ತಗುಲಿದರೂ ಹೊರಟಾಗಿನ ಶಕ್ತಿಯಲ್ಲಿ 300 ಗಜದಲ್ಲಿ ಉಳಿಯೋದು ಮೂರನೇ ಒಂದು ಪಾಲು.

ಪ್ರಿಂಟ್ ತಗೊಂಡು ಹೋಗಿ ತೋರಿಸಿದೆ. ಬಹಳ ಹೊತ್ತು ನೋಡಿದ್ರು. ಆಮೇಲೆ ಹೇಳಿದ್ರು: ತುಂಬಾ ಹಿಂದೆ ಒಂದು ಜಿಂಕೆಗೆ ದೂರದಿಂದ ಹೊಡೆದಿದ್ರಂತೆ, ತಗುಲಿತ್ತಂತೆ. ರಕ್ತದ ಜಾಡು ಹಿಡಿದು ಕತ್ತಲಾಗೋವರೆಗೂ, ಮರುದಿನವೂ ಹುಡುಕಿದರು, ಸಿಗಲಿಲ್ಲ. "ಇನ್ನೊಂದು ಸಲ ಹಾಗಾಗಬಾರದು" ಅಂದ್ರು. 300 ಗಜದ ಲೋಡ್ ಹುಡುಕಿಕೊಡು ಅಂತ ಯಾಕೆ ಕೇಳಿದ್ರು ಅಂತ ಆಗ ಗೊತ್ತಾಯ್ತು. ಒಳ್ಳೇ ಲೋಡ್ ಸಿಕ್ಕರೆ ಆ ಭಯ ಹೋಗುತ್ತೆ ಅಂದುಕೊಂಡಿದ್ರು ಪಾಪ. ಯಾವ ಲೋಡ್ ಹಾಕಿದರೂ ಎಲ್ಲೋ ಒಂದು ಕಡೆ 'ಇಲ್ಲಿಂದಾಚೆ ಹೊಡೆಯಲ್ಲ' ಅನ್ನೋ ಗೆರೆ ಎಳೆಯಲೇಬೇಕು. ಆ ಗೆರೆಯನ್ನು ಮನೆಯಲ್ಲೇ ಎಳೆದುಕೊಂಡು ಹೋಗಬೇಕು. ಅಲ್ಲಿ ಹೋಗಿ ದೊಡ್ಡ ಕೊಂಬು ಕಣ್ಣಿಗೆ ಬಿದ್ದ ಮೇಲೆ ಯಾರ ಕೈಯಿಂದಲೂ ಆಗಲ್ಲ.

ಊರಿಗೆ ಫೋನ್ ಮಾಡಿದಾಗ ಅಪ್ಪ ಬೈದ್ರು. "ಜಿಂಕೆ ಹೊಡೆಯೋರಿಗೆ ಲೆಕ್ಕ ಬರ್ಕೊಡೋಕೆ ಅಷ್ಟು ದೂರ ಹೋದ್ಯೇನೋ?" ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಅಪ್ಪ ಹೇಳೋದೂ ನ್ಯಾಯವೇ. ಇಲ್ಲಿ ಲೈಸೆನ್ಸ್ ಇದೆ, ಲೆಕ್ಕ ಇದೆ, ಆದರೂ ಹಿಂಡುಗಳು ಕರಗ್ತಿವೆ. ಅಲಾಸ್ಕಾದ ವೆಸ್ಟರ್ನ್ ಆರ್ಕ್ಟಿಕ್ ಹಿಂಡಿನಲ್ಲಿ 2003ರಲ್ಲಿ 4,90,000 ಇದ್ದವು, 2023ರ ಎಣಿಕೆಯಲ್ಲಿ 1,52,000. ಕೆನಡಾದ ಕ್ವಿಬೆಕ್‌ನಲ್ಲಿ 2018ರಲ್ಲಿ ಹವ್ಯಾಸಿ ಬೇಟೆಯನ್ನೇ ನಿಲ್ಲಿಸಿದ್ರು. ಗಾಯಗೊಂಡು ತಪ್ಪಿಸಿಕೊಂಡು ಎಲ್ಲೋ ಸತ್ತದ್ದು ಬೇಟೆಗಾರನ ಲೆಕ್ಕಕ್ಕೆ ಬರಲ್ಲ, ಹಿಂಡಿನ ಲೆಕ್ಕದಲ್ಲಿ ಮಾತ್ರ ಒಂದು ಕಮ್ಮಿ. ಬೇಟೆ ಸರಿಯೋ ತಪ್ಪೋ ಅಂತ ಅಪ್ಪನ ಹತ್ರ ವಾದ ಮಾಡಲಿಲ್ಲ. ನಾನು ಬರೆದ ಲೆಕ್ಕದಿಂದ ಗುಂಡು ಹಾರೋದು ಒಂದಾದರೂ ಕಮ್ಮಿಯಾಗುತ್ತೆ ಅಂದೆ. "ಹ್ಞೂಂ" ಅಂದ್ರು, ಅಷ್ಟೇ.

ಹಿರಿಯರು ಕೋವಿಯ ಹಿಡಿಗೆ ಬಿಳಿ ಟೇಪ್ ಅಂಟಿಸಿ ಬರೆದುಕೊಂಡ್ರು: ಗಾಳಿ ಇಲ್ಲದಿದ್ದರೆ 200, ಇದ್ದರೆ 150, ನಡೆಯುತ್ತಿದ್ದರೆ ಇಲ್ಲ.

ಸೆಪ್ಟೆಂಬರ್‌ನಲ್ಲಿ ಹೋಗಿ ಬಂದ್ರು. ನಾಲ್ಕು ದಿನ ಮಳೆಯಂತೆ, ನಳಿಗೆಯ ಬಾಯಿಗೆ ಟೇಪ್ ಸುತ್ತಿಕೊಂಡು ಕೂತಿದ್ರಂತೆ. ಐದನೇ ದಿನ ಒಂದು ದೊಡ್ಡ ಗಂಡು ಅಡ್ಡಲಾಗಿ ನಿಂತಿತ್ತು. ಲೇಸರ್ 230 ಅಂತು, ಹುಲ್ಲು ಬಾಗ್ತಿತ್ತು. ಎರಡು ಗಂಟೆ ಕಾದ್ರಂತೆ, ಅದು ಹತ್ತಿರ ಬರಲೇ ಇಲ್ಲ. ಅಷ್ಟೊಂದು ವರ್ಷ ಕೂಡಿಟ್ಟ ದುಡ್ಡು ಸುರಿದು, ಒಂದು ಈಡೂ ಹೊಡೆಯದೆ ವಾಪಸ್. ಬೇಜಾರಾಯ್ತಾ ಅಂತ ಕೇಳಿದೆ. "ತುಂಬಾ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ರಾತ್ರಿ ನಿದ್ದೆ ಬಂತು" ಅಂದ್ರು.

ನಿಮ್ಮ ಮನೆಗಳಲ್ಲಿ ಕೇಪಿನ ಕೋವಿ ಇದ್ದಿದ್ದರೆ, ಅಜ್ಜಂದಿರು ಮದ್ದು ಹೇಗೆ ಅಳೀತಿದ್ರು, ಎಷ್ಟು ದೂರದವರೆಗೆ ಹೊಡೀತಿದ್ರು ಅಂತ ನೆನಪಿದ್ದರೆ ಹೇಳಿ. ಅವರ ಗೆರೆ ಎಲ್ಲಿತ್ತು ಅಂತ ನೋಡೋ ಆಸೆ.