ಎರಡು ಗ್ಯಾಲನ್ ಗೋಧಿ

ಯಾಕೋಬ್ ವೀಬೆ ಮತ್ತು ಯುಸ್ಟೀನಾ ವೀಬೆ ಎಂಬ ಮೆನ್ನೊನೈಟ್ ರೈತ ದಂಪತಿ 1874ರ ಆಗಸ್ಟ್ 16ರ ಭಾನುವಾರ ಅಮೆರಿಕದ ಕ್ಯಾನ್ಸಸ್ ರಾಜ್ಯದ ಹುಲ್ಲುಗಾವಲೊಂದಕ್ಕೆ ಬಂದರು. ಪೀಬಾಡಿ ಎಂಬ ರೈಲು ನಿಲ್ದಾಣದಿಂದ ಹೊರಟ ಗಾಡಿಯಲ್ಲಿ ಸಾಮಾನು ಹೇರಿತ್ತು, ಸಾಮಾನಿನ ಮೇಲೆ ಮಕ್ಕಳಿದ್ದರು. ಎದೆಮಟ್ಟದ ಹುಲ್ಲಿನ ನಡುವೆ, ನೆಲಕ್ಕೆ ಹೊಡೆದ ಒಂದು ಗೂಟದ ಬಳಿ ಯಾಕೋಬ್ ಗಾಡಿ ನಿಲ್ಲಿಸಿದರು. ಇಲ್ಲೇಕೆ ನಿಲ್ಲಿಸಿದ್ದು ಎಂದು ಯುಸ್ಟೀನಾ ಕೇಳಿದರು. ನಾವಿರಬೇಕಾದ ಜಾಗ ಇದೇ ಎಂದು ಗಂಡ ಹೇಳಿದರು. ಆಕೆ ಅಳತೊಡಗಿದರು. ಮುಂದೆ ಯಾಕೋಬ್ ತಮ್ಮ ನೆನಪುಗಳನ್ನು ಬರೆಯುವಾಗ ಈ ಪ್ರಸಂಗವನ್ನು ಮುಚ್ಚಿಡಲಿಲ್ಲ. ಸಭೆಯ ಹಿರಿಯನಾಗಿ ಅವರು ಮಾಡಿದ ಉಪದೇಶಗಳಿಗಿಂತ ಹೆಚ್ಚು ಜನ ಇಂದಿಗೂ ನೆನೆಯುವುದು ಹೆಂಡತಿಯ ಆ ಅಳುವನ್ನು.

ಅಳುವುದಕ್ಕೆ ಕಾರಣವಿತ್ತು. ಅವರು ಬಿಟ್ಟು ಬಂದದ್ದು ಮನೆ, ಕೊಟ್ಟಿಗೆ, ತೋಟ ಎಲ್ಲವೂ ನೆಲೆಗೊಂಡಿದ್ದ ಊರು. ಯಾಕೋಬ್ ಹುಟ್ಟಿದ್ದು 1836ರಲ್ಲಿ, ಈಗಿನ ಯುಕ್ರೇನಿನ ದಕ್ಷಿಣದ ಮೊಲೊಚ್ನಾ ವಸಾಹತಿನಲ್ಲಿ. ಮೆನ್ನೊನೈಟರ ವಲಸೆಯ ಕತೆ ಅದಕ್ಕೂ ಮುನ್ನೂರು ವರ್ಷ ಹಿಂದಿನದು. ಮೆನ್ನೊ ಸೀಮೊನ್ಸ್ ಎಂಬ ಫ್ರೀಸ್‌ಲ್ಯಾಂಡಿನ ಪಾದ್ರಿ 1536ರಲ್ಲಿ ಕ್ಯಾಥೊಲಿಕ್ ಪೀಠವನ್ನು ತೊರೆದು, ದೊಡ್ಡವರಾದ ಮೇಲೆ ತಿಳಿದು ಪಡೆಯುವುದೇ ನಿಜವಾದ ದೀಕ್ಷಾಸ್ನಾನ ಎಂದು ಸಾರುತ್ತಿದ್ದವರ ಜೊತೆ ಸೇರಿದರು. ಆಯುಧ ಹಿಡಿಯಬಾರದು, ಆಣೆ ಇಡಬಾರದು ಎಂಬುದೂ ಆ ಪಂಥದ ಕಟ್ಟಳೆ. ಯಾವ ದೊರೆಗೂ ಇಂಥ ಪ್ರಜೆಗಳು ಪ್ರಿಯರಲ್ಲ. ಆದರೆ ಇವರು ಜೌಗು ಬತ್ತಿಸಿ ಗದ್ದೆ ಮಾಡುವುದರಲ್ಲಿ ನಿಪುಣರು. ಹಾಗಾಗಿ ಒಬ್ಬ ದೊರೆ ಓಡಿಸಿದಾಗಲೆಲ್ಲ ಪಾಳು ನೆಲವಿದ್ದ ಇನ್ನೊಬ್ಬ ದೊರೆ ಕರೆಯುತ್ತಿದ್ದ. ನೆದರ್ಲೆಂಡ್ಸ್‌ನಿಂದ ವಿಸ್ಟುಲಾ ನದಿಯ ಮುಖಜ ಭೂಮಿಗೆ, ಅಲ್ಲಿಂದ ರಷ್ಯದ ರಾಣಿ ಎರಡನೆಯ ಕ್ಯಾಥರೀನಳ ಕರೆಯ ಮೇರೆಗೆ ಕಪ್ಪು ಸಮುದ್ರದ ಉತ್ತರದ ಬಯಲಿಗೆ ಅವರು ನಡೆದರು. ಮೊದಲ ವಸಾಹತು ಖೊರ್ಟಿತ್ಸಾ 1789ರಲ್ಲಿ, ಮೊಲೊಚ್ನಾ 1804ರಲ್ಲಿ. ಮನೆಯಲ್ಲಿ ತಗ್ಗಿನ ಜರ್ಮನ್, ಪ್ರಾರ್ಥನೆಗೆ ಶಿಷ್ಟ ಜರ್ಮನ್, ಸಂತೆಗೆ ಒಂದಿಷ್ಟು ರಷ್ಯನ್: ಮೂರು ನುಡಿಯ ಸಂಸಾರ.

ಯಾಕೋಬ್ ಮತ್ತು ಯುಸ್ಟೀನಾ ನೆಲೆಸಿದ್ದು ಕ್ರಿಮಿಯಾದ ಆನೆನ್‌ಫೆಲ್ಡ್ ಎಂಬ ಹಳ್ಳಿಯಲ್ಲಿ. 1869ರಲ್ಲಿ ಅಲ್ಲಿಯ ಒಂದು ಗುಂಪು ಬೇರೆ ಸಭೆಯಾಗಿ ನಿಂತಿತು. ಅದರ ಹಿರಿಯರಾಗಿ ಯಾಕೋಬ್ ಆಯ್ಕೆಯಾದರು. ಕ್ರಿಮಿಯಾದವರೆಂಬ ಅರ್ಥದಲ್ಲಿ ಇವರಿಗೆ ಕ್ರಿಮರ್ ಸಹೋದರರ ಸಭೆ ಎಂದು ಹೆಸರಾಯಿತು. ಇನ್ನೊಂದು ಸಹೋದರ ಸಭೆ ಆಗಲೇ ಇತ್ತು. ನೀರಿನಲ್ಲಿ ಪೂರ್ತಿ ಮುಳುಗಿಸಿಯೇ ದೀಕ್ಷೆ ಕೊಡಬೇಕು ಎಂಬಲ್ಲಿ ಇಬ್ಬರೂ ಒಂದೇ. ಆದರೆ ಅವರು ಹಿಂದಕ್ಕೆ ಒರಗಿಸಿ ಮುಳುಗಿಸುತ್ತಿದ್ದರು, ಇವರು ಮೊಣಕಾಲೂರಿಸಿ ಮುಂದಕ್ಕೆ ಬಾಗಿಸಿ ಮುಳುಗಿಸುತ್ತಿದ್ದರು. ನೀರು ಎರಡೂ ಕಡೆ ಅಷ್ಟೇ ತಣ್ಣಗಿದ್ದಿರಬೇಕು. ಹಾಗಿದ್ದೂ ಈ ಬಾಗುವ ದಿಕ್ಕು ಎರಡು ಸಭೆಗಳನ್ನು ಗುರುತಿಸುವ ಲಕ್ಷಣವಾಗಿ ಬಹುಕಾಲ ಉಳಿಯಿತು. ಸಾದಾ ಉಡುಪು, ಒಬ್ಬರ ಪಾದವನ್ನೊಬ್ಬರು ತೊಳೆಯುವ ವಿಧಿ, ಲೋಕದ ಥಳಕಿನಿಂದ ದೂರ: ಇವು ಉಳಿದ ಕಟ್ಟುಪಾಡು.

ರಷ್ಯ ಸರ್ಕಾರ ಎಲ್ಲರಿಗೂ ಸೈನಿಕ ಸೇವೆ ಕಡ್ಡಾಯ ಎಂದು 1870ರಲ್ಲಿ ಸೂಚಿಸಿ, 1874ರಲ್ಲಿ ಕಾನೂನನ್ನೇ ತಂದಾಗ ಈ ಬದುಕು ಕದಲಿತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 18,000 ಮೆನ್ನೊನೈಟರು ಅಮೆರಿಕ ಮತ್ತು ಕೆನಡಕ್ಕೆ ಹೊರಟರು. ಅತ್ತ ಕ್ಯಾನ್ಸಸ್‌ನಲ್ಲಿ ಸಾಂಟಾ ಫೆ ರೈಲು ಕಂಪನಿಗೆ ಸರ್ಕಾರ ಕೊಟ್ಟ ಲಕ್ಷಾಂತರ ಎಕರೆ ನೆಲ ಗಿರಾಕಿಯಿಲ್ಲದೆ ಬಿದ್ದಿತ್ತು. ಊರಿಲ್ಲದ ಕಡೆ ರೈಲಿಗೇನು ಕೆಲಸ? ಕಂಪನಿಯ ಏಜೆಂಟರು ಜರ್ಮನ್ ಮಾತಾಡಿ ರೈತರನ್ನು ಕರೆದರು. ಶಸ್ತ್ರ ಹಿಡಿಯದವರಿಗೆ ರಾಜ್ಯದ ಸೇನಾದಳದ ಸೇವೆಯಿಂದ ವಿನಾಯಿತಿ ಕೊಡುವ ಕಾನೂನನ್ನು ಕ್ಯಾನ್ಸಸ್ ಶಾಸನಸಭೆ ಅದೇ 1874ರಲ್ಲಿ ಮಾಡಿತು.

ಆನೆನ್‌ಫೆಲ್ಡ್ ಸಭೆ ಮೇ ತಿಂಗಳ ಕೊನೆಗೆ ಹೊರಟು ಜುಲೈ ಮಧ್ಯದಲ್ಲಿ ನ್ಯೂಯಾರ್ಕ್ ಮುಟ್ಟಿತು. ದಾರಿಬುತ್ತಿಗೆ ಒಣಗಿಸಿದ ತ್ಸ್ವೀಬಾಕ್ ಇತ್ತು. ದೊಡ್ಡ ಉಂಡೆಯ ಮೇಲೆ ಚಿಕ್ಕ ಉಂಡೆ ಕೂರಿಸಿ ಸುಟ್ಟ ಬನ್ನನ್ನು ಮತ್ತೆ ಒಲೆಯಲ್ಲಿಟ್ಟು ಗರಿಗರಿ ಮಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕರಿಯಲ್ಲಿ ಸಿಗುವ ರಸ್ಕಿನ ದೂರದ ನೆಂಟ ಅದು. ಬುತ್ತಿಯ ಜೊತೆಗೆ ಪೆಟ್ಟಿಗೆಗಳಲ್ಲಿ ಬೈಬಲ್ಲು, ಹಾಸಿಗೆ ಬಟ್ಟೆ ಮತ್ತು ಬಿತ್ತನೆಯ ಗೋಧಿ.

ಈ ಗೋಧಿಯ ಬಗ್ಗೆ ಕ್ಯಾನ್ಸಸ್‌ನಲ್ಲಿ ಒಂದು ಕತೆ ಪ್ರಚಲಿತದಲ್ಲಿದೆ. ವೀಬೆ ದಂಪತಿಯ ಸಭೆಗೇ ಸೇರಿದ ಬಾರ್ಕ್‌ಮನ್ ಮನೆಯ ಎಂಟು ವರ್ಷದ ಹುಡುಗಿ ಆನಾಳಿಗೆ ಅಪ್ಪ ಒಂದು ಕೆಲಸ ಒಪ್ಪಿಸಿದನಂತೆ. ಕಣಜದ ಗೋಧಿಯಲ್ಲಿ ಕೆಂಪಗೆ, ಗಟ್ಟಿಯಾಗಿ, ಮುಕ್ಕಿಲ್ಲದೆ ಇರುವ ಕಾಳುಗಳನ್ನು ಮಾತ್ರ ಒಂದೊಂದಾಗಿ ಆರಿಸುವುದು. ಎರಡು ಗ್ಯಾಲನ್ ತುಂಬುವವರೆಗೆ ಹುಡುಗಿ ಆರಿಸಿದಳು. ಕಾಳುಗಳ ಲೆಕ್ಕ ಎರಡೂವರೆ ಲಕ್ಷ.

ಈ ಲೆಕ್ಕವನ್ನು ತಾಳೆ ನೋಡಬಹುದು. ಸಾವಿರ ಗೋಧಿ ಕಾಳು ಸುಮಾರು 25ರಿಂದ 30 ಗ್ರಾಂ ತೂಗುತ್ತದೆ. ಎರಡೂವರೆ ಲಕ್ಷ ಕಾಳೆಂದರೆ ಆರೇಳು ಕಿಲೋ. ಎರಡು ಗ್ಯಾಲನ್ ಅಳತೆಗೆ ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಕತೆ ಕಟ್ಟಿದವರು ಗೋಧಿಯನ್ನು ಬಲ್ಲವರು. ಸೆಕೆಂಡಿಗೊಂದು ಕಾಳು ಆರಿಸಿದರೆ ಸುಮಾರು ಎಪ್ಪತ್ತು ಗಂಟೆಯ ಕೆಲಸ, ದಿನಕ್ಕೆ ಏಳು ಗಂಟೆಯಂತೆ ಹತ್ತು ದಿನ. ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದ ಯಾರಿಗಾದರೂ ಗೊತ್ತಿರುವಂತೆ, ಎಂಟು ವರ್ಷದ ಮಗು ಮೊದಲ ದಿನ ಉತ್ಸಾಹದಿಂದ, ಎರಡನೆಯ ದಿನ ಹಟದಿಂದ, ಮೂರನೆಯ ದಿನದಿಂದ ಅಮ್ಮನ ಭಯದಿಂದ ಆರಿಸುತ್ತದೆ. ಇಷ್ಟು ಬೀಜ ಬಿತ್ತಿದರೆ ಹಿಡಿಯುವ ನೆಲ ಹತ್ತು ಗುಂಟೆ. ಒಂದು ರಾಜ್ಯದ ಬೇಸಾಯವನ್ನೇ ಬದಲಿಸಿತು ಎನ್ನುವ ಬೀಜಕ್ಕೆ ಹಿತ್ತಲಿನಷ್ಟು ನೆಲ.

ಇತಿಹಾಸಕಾರರು ಈ ಕತೆಯನ್ನು ಒಪ್ಪುವುದಿಲ್ಲ. ಆ ಕಾಲದ ದಾಖಲೆಗಳಲ್ಲಿ ಇದರ ಸುಳಿವಿಲ್ಲ, ತಳಿ ಹರಡಿದ್ದು ಮುಂದೆ ಗಿರಣಿಯವರು ದೊಡ್ಡ ಪ್ರಮಾಣದಲ್ಲಿ ತರಿಸಿದ ಬೀಜದಿಂದ ಎಂಬುದು ಅವರ ವಾದ. ವಾದ ಸರಿಯಿರಬಹುದು. ಆದರೆ ಯಾವ ರೈತ ಮನೆಯೂ ಬೀಜ ಆರಿಸದೆ ಸಮುದ್ರ ದಾಟುವುದಿಲ್ಲ, ಬೀಜ ಆರಿಸುವ ಕೆಲಸ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಪಾಲಿನದು. ಆ ಪೆಟ್ಟಿಗೆಗಳಲ್ಲಿದ್ದ ಕಾಳುಗಳು ಯಾವುದೋ ಬೆರಳುಗಳ ನಡುವಿನಿಂದಲೇ ಬಂದವು. ಕತೆ ಆ ಬೆರಳುಗಳಿಗೆ ಒಂದು ಹೆಸರು ಕೊಟ್ಟಿದೆ.

ಗೂಟವಿದ್ದ ಜಾಗದಲ್ಲಿ ಎದ್ದ ಊರಿಗೆ ಗ್ನಾಡೆನಾವ್ ಎಂದು ಹೆಸರಿಟ್ಟರು, ಕೃಪೆಯ ಹುಲ್ಲುಗಾವಲು ಎಂದರ್ಥ. ಆ ಬೇಸಿಗೆ ಕೃಪೆಯದೇನೂ ಆಗಿರಲಿಲ್ಲ. ಮಿಡತೆಗಳ ಹಿಂಡು ಕ್ಯಾನ್ಸಸ್‌ನ ಮೆಕ್ಕೆಜೋಳದ ಹೊಲಗಳನ್ನು ಆಗಷ್ಟೇ ಬೋಳಿಸಿತ್ತು. ಮೊದಲಿನಿಂದ ಇದ್ದ ಬಿಳಿಯ ರೈತರಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಿಗೆ ಇವರು ಗಂಟು ಬಿಚ್ಚಿದರು. ರಷ್ಯದಲ್ಲಿದ್ದ ಹಾಗೆಯೇ ಒಂದೇ ಬೀದಿಯ ಊರು, ಬೀದಿಯಿಂದ ಹಿಂದಕ್ಕೆ ಚಾಚಿದ ಉದ್ದುದ್ದ ಪಟ್ಟಿ ಹೊಲಗಳು. ಹುಲ್ಲಿನ ಬೇರು ಸಹಿತ ಕಡಿದ ಮಣ್ಣಿನ ಹೆಂಟೆಯ ಗೋಡೆ ಅಥವಾ ಹಸಿ ಇಟ್ಟಿಗೆಯ ಗೋಡೆ, ಹುಲ್ಲು ಹೊದೆಸಿದ ಮಾಡು. ಮನೆಗೆ ಅಂಟಿಕೊಂಡೇ ಕೊಟ್ಟಿಗೆ.

ಮರವಿಲ್ಲದ ಬಯಲಿನಲ್ಲಿ ಸೌದೆಯೂ ಇಲ್ಲ. ಮನೆಯ ನಡುಗೋಡೆಯೊಳಗೆ ಇಟ್ಟಿಗೆಯ ದೊಡ್ಡ ಒಲೆ ಕಟ್ಟಿ ಅದಕ್ಕೆ ಗೋಧಿಹುಲ್ಲು, ಒಣಹುಲ್ಲು, ಬೆರಣಿ ತುಂಬಿದರು. ಒಲೆಗೆ ದಿನಕ್ಕೆ ಒಂದೆರಡು ಬಾರಿ ಉರಿ ಕೊಟ್ಟರೆ ಇಟ್ಟಿಗೆ ಕಾದು ಹಿಮಗಾಲದಲ್ಲೂ ಮನೆ ಬೆಚ್ಚಗಿರುತ್ತಿತ್ತು. ಹುಲ್ಲಿನಿಂದ ಚಳಿ ಕಾಯುವುದನ್ನು ಅಮೆರಿಕನ್ನರು ಕುತೂಹಲದಿಂದ ನೋಡಿದರು, ಪತ್ರಿಕೆಗಳಲ್ಲಿ ಬರೆದರು. ಇಂಥದೊಂದು ಹಸಿ ಇಟ್ಟಿಗೆಯ ಮನೆ, 1876ರದ್ದು, ಹಿಲ್ಸ್‌ಬರೋ ಪಟ್ಟಣದಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ಒಕ್ಕಣೆಗೆ ಅವರು ಕಲ್ಲು ಕಡೆಸಿದರು. ಸುಣ್ಣಕಲ್ಲಿನ ಉರುಳೆ, ಅದರ ಮೈಮೇಲೆ ಉದ್ದಕ್ಕೆ ಸಾಮಾನ್ಯವಾಗಿ ಏಳು ಹಲ್ಲು. ಕಣದಲ್ಲಿ ಹರಡಿದ ತೆನೆಯ ಮೇಲೆ ಕುದುರೆ ಕಟ್ಟಿ ಅದನ್ನು ಸುತ್ತು ಹೊಡೆಸುತ್ತಿದ್ದರು. ರಾಗಿ ಒಕ್ಕುವ ರೋಣಗಲ್ಲನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಕಡೆಯದು ನುಣುಪು ಮೈಯ ಗುಂಡು, ಎಳೆಯುವುದು ಎತ್ತು, ವ್ಯತ್ಯಾಸ ಅಷ್ಟೇ. ಕಡೆದ ಕಲ್ಲುಗಳು ಸವೆಯುವ ಮೊದಲೇ ಒಕ್ಕಣೆ ಯಂತ್ರ ಬಂತು, ಸಾದಾ ಬದುಕಿನ ಈ ಜನ ಯಂತ್ರಕ್ಕೆ ಏನೂ ಬೇಸರಿಸಲಿಲ್ಲ. ಕಲ್ಲುಗಳು ಅಂಗಳದ ಮೂಲೆ ಸೇರಿ, ಆಮೇಲೆ ಸಂಗ್ರಹಾಲಯ ಸೇರಿದವು. ಹಳೆಯ ರೋಣಗಲ್ಲುಗಳಿಗೆ ಹಳ್ಳಿಯ ಕಟ್ಟೆಗಳ ಬಳಿ ಆದ ಗತಿಯೂ ಇದೇ, ಸಂಗ್ರಹಾಲಯವೊಂದನ್ನು ಬಿಟ್ಟು.

ಅವರು ತಂದ ಗೋಧಿಯ ತಳಿಗೆ ಕ್ಯಾನ್ಸಸ್‌ನಲ್ಲಿ ಟರ್ಕಿ ರೆಡ್ ಎಂದು ಹೆಸರಾಯಿತು. ಅದರ ಗುಟ್ಟು ಕಾಲದಲ್ಲಿತ್ತು. ಸೆಪ್ಟೆಂಬರ್‌–ಅಕ್ಟೋಬರಿನಲ್ಲಿ ಬಿತ್ತಿದರೆ ಹಿಮದಡಿ ಚಳಿಗಾಲ ಕಳೆದು ಜೂನ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಬೇಸಿಗೆಯ ಒಣ ಗಾಳಿ, ಮಿಡತೆ ಬರುವಷ್ಟರಲ್ಲಿ ಕಾಳು ಕಣಜದಲ್ಲಿರುತ್ತದೆ. ಕಷ್ಟವಿದ್ದದ್ದು ಗಿರಣಿಯಲ್ಲಿ. ಮೆದು ಗೋಧಿಗೆ ಹೊಂದಿಸಿದ ಬೀಸುಕಲ್ಲುಗಳಿಗೆ ಈ ಗಟ್ಟಿ ಕಾಳು ಜಗ್ಗಲಿಲ್ಲ, ಗಿರಣಿಯವರು ಬೆಲೆ ಇಳಿಸಿದರು. ಉಕ್ಕಿನ ಉರುಳೆಯ ಗಿರಣಿಗಳು ಬಂದ ಮೇಲೆ ಅದೇ ಗಟ್ಟಿತನ ಬ್ರೆಡ್ಡಿಗೆ ಮೆಚ್ಚಾಯಿತು. ಈ ಗೋಧಿಗಾಗಿ ಹೆಚ್ಚು ಓಡಾಡಿದವರು ಬೆರ್ನ್‌ಹಾರ್ಡ್ ವಾರ್ಕೆಂಟಿನ್ ಎಂಬ ಮೆನ್ನೊನೈಟ್ ಗಿರಣಿ ಮಾಲೀಕರು. ಟರ್ಕಿಯ ಹೆಸರಿನ ಗೋಧಿಯನ್ನು ಬೆಳೆಸಿದ ಈ ಅಹಿಂಸಾವಾದಿ 1908ರಲ್ಲಿ ಪ್ರವಾಸ ಹೋಗಿದ್ದಾಗ, ಆಗಿನ ಟರ್ಕಿ ಸಾಮ್ರಾಜ್ಯದ ಬೈರೂತ್ ಬಳಿ, ರೈಲಿನಲ್ಲಿ ಯಾರದೋ ಪಿಸ್ತೂಲಿನಿಂದ ಆಕಸ್ಮಿಕವಾಗಿ ಹಾರಿದ ಗುಂಡಿಗೆ ಬಲಿಯಾದರು.

ವೀಬೆ ದಂಪತಿಯ ಊರು ಗೋಧಿಯಷ್ಟು ಬಾಳಲಿಲ್ಲ. ಚೌಕ ಚೌಕವಾಗಿ ಅಳೆದ ಅಮೆರಿಕದ ನೆಲಕ್ಕೆ ಪಟ್ಟಿ ಹೊಲದ ಊರು ಒಗ್ಗದೆ ಕೆಲವೇ ವರ್ಷಗಳಲ್ಲಿ ಮನೆಗಳು ತಂತಮ್ಮ ಹೊಲಗಳಿಗೆ ಚೆದರಿದವು. ಯಾಕೋಬ್ 1900ರವರೆಗೆ ಹಿರಿಯರಾಗಿದ್ದು, 1921ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಒಂದು ಮಹಾಯುದ್ಧವನ್ನು ಅವರ ಜನ ಕಂಡರು. ಆಹಾರವೇ ಯುದ್ಧ ಗೆಲ್ಲಿಸುತ್ತದೆ ಎಂದು ಸರ್ಕಾರ ಸಾರುತ್ತಿದ್ದಾಗ ಕ್ಯಾನ್ಸಸ್‌ನ ಗೋಧಿ ಹಡಗು ಹಡಗಾಗಿ ಹೋಯಿತು. ಅದನ್ನು ಬೆಳೆದ ಮೆನ್ನೊನೈಟರು ಜರ್ಮನ್ ಮಾತಾಡುತ್ತಾರೆ, ಯುದ್ಧದ ಬಾಂಡು ಕೊಳ್ಳುವುದಿಲ್ಲ ಎಂದು ಜನ ಅವರ ಮೇಲೆ ಹಳದಿ ಬಣ್ಣ ಸುರಿದರು. ಬರ್ಟನ್ ಪಟ್ಟಣದಲ್ಲಿ ಹಾಗೆ ನಡೆದದ್ದು ಯುದ್ಧ ಮುಗಿದ ದಿನವೇ, 1918ರ ನವೆಂಬರ್ 11ರಂದು. ಕ್ರಿಮರ್ ಸಭೆ 1960ರಲ್ಲಿ ದೊಡ್ಡ ಸಹೋದರ ಸಭೆಯೊಳಗೆ ಸೇರಿತು. ಮುಂದಕ್ಕೆ ಬಾಗುವವರೂ ಹಿಂದಕ್ಕೆ ಒರಗುವವರೂ ಒಂದಾದರು.

ಗೋಧಿ ಮಾತ್ರ ನಡೆಯುತ್ತಲೇ ಇತ್ತು. ಜಪಾನಿನ ತಳಿಗಾರರು ದರುಮಾ ಎಂಬ ತಮ್ಮ ಗಿಡ್ಡ ಗೋಧಿಯನ್ನು ಅಮೆರಿಕದ ಫುಲ್ಟ್ಸ್ ತಳಿಯೊಡನೆ ಕೂಡಿಸಿ, ಆ ಸಂತತಿಯನ್ನು ಟರ್ಕಿ ರೆಡ್ಡಿಗೆ ಕೂಡಿಸಿ, 1935ರಲ್ಲಿ ನೋರಿನ್ 10 ಎಂಬ ತಳಿ ಬಿಡುಗಡೆ ಮಾಡಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಅಮೆರಿಕಕ್ಕೆ ಹೋಯಿತು, ಅಲ್ಲಿಂದ ಮೆಕ್ಸಿಕೊದಲ್ಲಿ ಗೋಧಿ ತಳಿಗಾರ ನಾರ್ಮನ್ ಬೋರ್ಲಾಗ್ ಅವರ ಕೈಗೆ. ಗಿಡ್ಡತನ ದರುಮಾದ್ದು, ಟರ್ಕಿ ರೆಡ್ಡಿನದಲ್ಲ. ಆದರೂ ರಕ್ತಸಂಬಂಧ ರಕ್ತಸಂಬಂಧವೇ. 1966ರಲ್ಲಿ ಭಾರತ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿತು. ಕಲ್ಯಾಣ ಸೋನಾ, ಸೋನಾಲಿಕಾ ಎಂಬ ಭಾರತದ ತಳಿಗಳ ಹಿಂದಿರುವುದು ಆ ಮೆಕ್ಸಿಕೊದ ವಂಶ. ಉತ್ತರ ಕರ್ನಾಟಕದ ಹಿಂಗಾರಿ ಹೊಲಗಳ ಜವೆಗೋಧಿಗೆ ಈ ಮನೆತನದೊಡನೆ ನಂಟಿಲ್ಲ. ಆದರೆ ಅಂಗಡಿಯ ಹಿಟ್ಟಿನ ಪೊಟ್ಟಣದಿಂದ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಚಪಾತಿ ಲಟ್ಟಿಸುವವರ ಮಣೆಯ ಮೇಲೆ, ಎಷ್ಟೋ ತಲೆಮಾರು ತೆಳುವಾಗಿ, ಕ್ರಿಮಿಯಾದ ಆ ತಳಿಯ ಕಾಳೂ ಇದೆ.

ತಳಿಗಾರರು ಗೋಧಿಯ ವಂಶಾವಳಿ ಬರೆಯುವಾಗ ಹೆಣ್ಣು ಪೋಷಕದ ಹೆಸರನ್ನು ಮೊದಲು ಬರೆಯುತ್ತಾರೆ, ಗಂಡಿನದು ಆಮೇಲೆ. ಗ್ನಾಡೆನಾವ್‌ನ ಚರಿತ್ರೆಯಲ್ಲಿ ಆ ಕ್ರಮವಿಲ್ಲ. ಅಲ್ಲಿ ಮೊದಲು ಬರುವವರು ಯಾಕೋಬ್, ಹಿರಿಯರಾದದ್ದು, ನೆಲ ನೋಡಿದ್ದು, ಊರು ಕಟ್ಟಿದ್ದು. ಆಮೇಲೆ ಯುಸ್ಟೀನಾ, ಗೂಟದ ಬಳಿ ಅತ್ತದ್ದು. ಅತ್ತ ಮೇಲೆ ಆಕೆ ಗಾಡಿಯಿಂದ ಇಳಿದರು ಎಂಬುದನ್ನು ಯಾರೂ ಬೇರೆಯಾಗಿ ಬರೆದಿಟ್ಟಿಲ್ಲ. ಅವರು ಇಳಿದದ್ದರಿಂದಲೇ ಅಲ್ಲೊಂದು ಊರಾಯಿತು.