ಸಜ್ಜನರಿಗೂ ಬೀಗ ಬೇಕು

ಬೀಗವೆಂಬದು ಕಳ್ಳರ ಭಯದಿಂದ ಹುಟ್ಟಿದ ವಸ್ತುವೆಂದು ಲೋಕದಲ್ಲಿ ಬಹುಮಂದಿ ನಂಬಿರುವರು. ಆದರೆ ಕಳ್ಳರು ಒಬ್ಬರೂ ಇಲ್ಲದ ಸ್ಥಳದಲ್ಲಿಯೂ, ಪ್ರಾಮಾಣಿಕರಾದ ಇಬ್ಬರು ಒಂದೇ ಪುಸ್ತಕದಲ್ಲಿ ಒಂದೇ ಸಮಯಕ್ಕೆ ಬರೆಯಹೊರಟರೆ ಬೀಗದ ಅಗತ್ಯವುಂಟಾಗುವದು. ಈ ಎರಡನೆಯ ಬಗೆಯ ಬೀಗಗಳನ್ನು ಯೋಚಿಸಿ ರಚಿಸುವದೇ ಅನೇಕ ವರ್ಷಗಳ ಕಾಲ ಬೆಂಗಳೂರಿನಲ್ಲಿ ನನ್ನ ಉದ್ಯೋಗವಾಗಿದ್ದಿತು. ರಿಲೇಷನಲ್ ಡೇಟಾಬೇಸ್ ಎಂಬ ಯಾಂತ್ರಿಕ ಲೆಕ್ಕದ ಪುಸ್ತಕಕ್ಕೆ ನಾವು ಬೀಗಗಳನ್ನು ಅಳವಡಿಸುತ್ತಿದ್ದೆವು. ಈ ಶಾಲೆಯ ನನ್ನ ಹಳೆಯ ಸಹಪಾಠಿನಿಯರು ಎದುರಾದಾಗಲೆಲ್ಲ, “ನೀನು ಮಾಡುತ್ತಿದ್ದ ಕೆಲಸವಾದರೂ ಏನು?” ಎಂದು ಕೇಳುವರು. ಅವರಿಗೂ, ಹೆಣ್ಣುಮಕ್ಕಳನ್ನು ಓದಿಸುತ್ತಿರುವ ತಾಯ್ತಂದೆಗಳಿಗೂ ನಮ್ಮ ಚಿತ್ತವಾಡ್ಗಿಯ ಗದ್ದೆಗಳ ದೃಷ್ಟಾಂತದಿಂದಲೇ ಉತ್ತರ ಕೊಡುವದು ಯುಕ್ತವೆಂದು ತೋರಿತು.

ರಿಲೇಷನಲ್ ಡೇಟಾಬೇಸ್ ಎಂದರೆ ಸಾಲುಗಳೂ ಅಂಕಣಗಳೂ ಉಳ್ಳ ಕೋಷ್ಟಕಗಳ ಸಮೂಹವು. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು 1970ರಲ್ಲಿ ಇದರ ತತ್ತ್ವವನ್ನು ಪ್ರಕಟಿಸಿದರು. ನಮ್ಮ ಪಹಣಿಯೂ ಅಂತಹದೇ ಒಂದು ಕೋಷ್ಟಕವಲ್ಲವೆ? ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಖಾತೆದಾರರ ಹೆಸರು, ಸಾಲ, ಬೆಳೆ ಇವೆಲ್ಲವೂ ಅದರಲ್ಲಿ ಅಂಕಣಗಳಾಗಿರುವವು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಂದಿನಿಂದ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳತಕ್ಕದ್ದೆಂಬ ನಿಯಮವೂ ಜಾರಿಗೆ ಬಂದಿತು.

ಅದಕ್ಕೂ ಹಿಂದಿನ ಕೈಬರಹದ ಪುಸ್ತಕಗಳ ಕಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯುಂಟು. ನಮ್ಮ ಅಜ್ಜನವರು ತೀರಿಕೊಂಡಾಗ ಅವರ ಹೆಸರಿನಲ್ಲಿ 4 ಎಕರೆ 20 ಗುಂಟೆ, ಅಂದರೆ 180 ಗುಂಟೆ ನೀರಾವರಿ ಗದ್ದೆಯಿದ್ದಿತು. ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಹೀಗೆ ಐವರಿಗೂ ತಲಾ 36 ಗುಂಟೆಯಂತೆ ಎಲ್ಲರೂ ಒಪ್ಪಿ ಹಂಚಿಕೊಂಡರು. ಕಛೇರಿಯೊಂದರಲ್ಲಿ ಅಜ್ಜನವರ ಹೆಸರಿಗೆ ಗೀಟು ಎಳೆದು ನಾಲ್ವರ ಹೆಸರನ್ನು ಬರೆದದ್ದಾಯಿತು. ಅಷ್ಟರಲ್ಲಿ ಬರೆಯುತ್ತಿದ್ದವರಿಗೆ ವರ್ಗವಾಯಿತು. ಐದನೆಯ ಸಾಲು, ಅಂದರೆ ನಮ್ಮ ಕಿರಿಯ ಸೋದರತ್ತೆಯವರ ಹೆಸರು, ಬರೆಯದೆಯೇ ಉಳಿಯಿತು. ಪುಸ್ತಕದ ಮೊತ್ತವು 144 ಗುಂಟೆ. ಹೊಲದ ಮೊತ್ತವು 180. ಸೊಸೈಟಿಯವರು ಪಹಣಿಯಿಲ್ಲದೆ ಬೆಳೆಸಾಲ ಕೊಡಲಾರೆವೆಂದರು. ಅತ್ತೆಯವರು ತಮ್ಮ ಬಳೆಗಳನ್ನು ಒತ್ತೆಯಿಟ್ಟು ನಾಟಿ ಮಾಡಿಸಿದರು. “ಗದ್ದಿ ಕಣ್ಣಾಗ ಐತಿ, ಪುಸ್ತಕದಾಗ ಇಲ್ಲಮ್ಮಾ” ಎಂದು ಅವರು ನನ್ನೊಡನೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಒಂದು ಸಾಲು ಸರಿಯಾಗಲು ಏಳು ವರ್ಷಗಳು ಹಿಡಿದವು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆರಂಭಿಸಿದ ಕಾರ್ಯವು ನಡುವೆ ನಿಂತದ್ದೇ ಕೇಡಿಗೆ ಕಾರಣವಾಯಿತು.

ಡೇಟಾಬೇಸಿನಲ್ಲಿ ಈ ಕೇಡಿಗೆ ಪರಿಹಾರವಾಗಿ ‘ಟ್ರಾನ್ಸಾಕ್ಷನ್’ ಎಂಬ ಕಟ್ಟುಪಾಡು ಇರುವದು. ಅಜ್ಜನವರ ಹೆಸರನ್ನು ತೆಗೆಯುವದು, ಐವರ ಹೆಸರುಗಳನ್ನು ಬರೆಯುವದು ಈ ಆರು ಕೆಲಸಗಳೂ ಒಂದೇ ಕಾರ್ಯವೆಂದು ಗಣಿಸಲ್ಪಡುವವು. ಆರೂ ಪೂರ್ಣವಾದರೆ ಕಾರ್ಯವು ಸ್ಥಿರವಾಗುವದು. ಐದನೆಯದರಲ್ಲಿ ವಿದ್ಯುತ್ತು ಹೋದರೂ ಪುಸ್ತಕವು ಮೊದಲಿದ್ದಂತೆಯೇ ತಿರುಗಿ ನಿಲ್ಲುವದು. ಇದಕ್ಕಾಗಿ ಯಂತ್ರವು ಹಳೆಯ ಬೆಲೆಯನ್ನೂ ಹೊಸ ಬೆಲೆಯನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದಿಟ್ಟುಕೊಂಡು, ಅನಂತರವೇ ಮೂಲ ಕೋಷ್ಟಕವನ್ನು ತಿದ್ದುವದು. ಮದರಾಸಿನ ಐ.ಐ.ಟಿ.ಯಲ್ಲಿ ಕಲಿತ ಸಿ. ಮೋಹನ್ ಎಂಬವರೂ ಅವರ ಸಹೋದ್ಯೋಗಿಗಳೂ 1992ರಲ್ಲಿ ಪ್ರಕಟಿಸಿದ ‘ಏರೀಸ್’ ಪದ್ಧತಿಯು ಈ ವಿಷಯದಲ್ಲಿ ಲೋಕಪ್ರಸಿದ್ಧವಾಗಿದೆ.

ಇನ್ನು ಬೀಗಗಳ ವಿಚಾರ. ಅತ್ತೆಯವರ 36 ಗುಂಟೆಯಲ್ಲಿ 6 ಗುಂಟೆಯ ಮಾರಾಟವನ್ನು ಒಬ್ಬ ಗುಮಾಸ್ತರೂ, 10 ಗುಂಟೆಯ ದಾನವನ್ನು ಮತ್ತೊಬ್ಬರೂ ಒಂದೇ ಗಳಿಗೆಯಲ್ಲಿ ಬರೆಯುವರೆಂದು ಊಹಿಸಿರಿ. ಇಬ್ಬರೂ 36 ಎಂದು ಓದುವರು. ಮೊದಲನೆಯವರು 30 ಎಂದು ಬರೆಯುವರು. ಎರಡನೆಯವರು ಅದರ ಮೇಲೆಯೇ 26 ಎಂದು ಬರೆಯುವರು. ಉಳಿಯಬೇಕಾದದ್ದು 20. ಇಲ್ಲದ 6 ಗುಂಟೆ ಭೂಮಿಯು ಪುಸ್ತಕದಲ್ಲಿ ಹುಟ್ಟಿಬಿಟ್ಟಿತು! ಆದ್ದರಿಂದ ಬರೆಯುವವರು ಆ ಸಾಲಿಗೆ ಬೀಗ ಹಾಕಿಯೇ ಬರೆಯತಕ್ಕದ್ದು. ಓದುವ ಬೀಗವನ್ನು ಏಕಕಾಲಕ್ಕೆ ಎಷ್ಟು ಮಂದಿಯಾದರೂ ಹೊಂದಬಹುದು. ಬರೆಯುವ ಬೀಗವು ಒಬ್ಬರಿಗೇ ಮೀಸಲು. 1976ರಲ್ಲಿ ಜಿಮ್ ಗ್ರೇ ಮೊದಲಾದ ನಾಲ್ವರು ಒಂದು ಮುಖ್ಯ ನಿಯಮವನ್ನು ತೋರಿಸಿಕೊಟ್ಟರು. ಅದೆಂತೆಂದರೆ, ಒಂದು ಕಾರ್ಯವು ಬೇಕಾದ ಬೀಗಗಳನ್ನು ಪಡೆಯುತ್ತ ಹೋಗಬಹುದು. ಆದರೆ ಒಂದನ್ನು ಬಿಟ್ಟುಕೊಟ್ಟ ಮೇಲೆ ಹೊಸದೊಂದನ್ನು ಹಿಡಿಯಕೂಡದು. ಎಲ್ಲರೂ ಇದನ್ನು ಪಾಲಿಸಿದರೆ, ಎಷ್ಟು ಮಂದಿ ಒಟ್ಟಿಗೆ ಬರೆದರೂ ಒಬ್ಬರಾದ ಮೇಲೊಬ್ಬರು ಬರೆದ ಫಲವೇ ದೊರೆಯುವದು.

ಬೀಗವು ಎಷ್ಟು ದೊಡ್ಡದಿರಬೇಕು? ಹಾಸ್ಟೆಲಿನ ಒಂದು ಕೋಣೆಗೆ ಸುಣ್ಣ ಬಳಿಯುವದಕ್ಕಾಗಿ ಇಡೀ ಕಟ್ಟಡಕ್ಕೆ ಬೀಗ ಹಾಕಿದರೆ ಹುಡುಗಿಯರೆಲ್ಲ ಬೀದಿಯಲ್ಲಿ ನಿಲ್ಲಬೇಕಾಗುವದು. ಒಂದೊಂದು ಕೋಣೆಗೆ ಬೇರೆ ಬೇರೆ ಬೀಗ ಹಾಕಿದರೆ, ಕಟ್ಟಡವನ್ನೇ ಮುಚ್ಚಬೇಕಾದವರು ಪ್ರತಿಯೊಂದು ಬಾಗಿಲನ್ನೂ ಪರೀಕ್ಷಿಸಬೇಕಾಗುವದು. ಹೆಬ್ಬಾಗಿಲಿಗೆ “ಒಳಗೊಂದು ಕೋಣೆಯಲ್ಲಿ ಕೆಲಸ ನಡೆದಿದೆ” ಎಂಬ ಹಲಗೆಯನ್ನು ತೂಗುಹಾಕಿದರೆ ಎರಡು ತೊಂದರೆಗಳೂ ತಪ್ಪುವವು. ಡೇಟಾಬೇಸಿನಲ್ಲಿಯೂ ಸಾಲಿಗೆ ಬೀಗ ಹಾಕುವ ಮೊದಲು ಕೋಷ್ಟಕದ ಮೇಲೆ ಇಂತಹ ಉದ್ದೇಶಸೂಚಕ ಬೀಗವನ್ನು ಇಡುವರು.

ಬೀಗಗಳಿಂದ ಹೊಸ ಸಂಕಟವೂ ಉಂಟು. ಇಬ್ಬರು ನೆರೆಹೊರೆಯವರು ಗದ್ದೆಗಳನ್ನು ಬದಲಾಯಿಸಿಕೊಳ್ಳುವಾಗ ಒಬ್ಬರ ಕಾರ್ಯವು ಮೊದಲನೆಯ ಗದ್ದೆಯ ಸಾಲನ್ನು ಹಿಡಿದು ಎರಡನೆಯದಕ್ಕೆ ಕಾಯುತ್ತಿರುವದು. ಇನ್ನೊಬ್ಬರದು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುವದು. ಹೀಗೆ ಇಬ್ಬರೂ ಪ್ರಳಯದವರೆಗೆ ಕಾದರೂ ಕಾರ್ಯವು ಮುಗಿಯದು. ಎಲ್ಲರೂ ಸರ್ವೆ ನಂಬರಿನ ಏರುಕ್ರಮದಲ್ಲಿಯೇ ಬೀಗ ಹಿಡಿಯುವದು ಇದಕ್ಕೆ ಒಂದು ಉಪಾಯ. ಯಾರು ಯಾರಿಗಾಗಿ ಕಾಯುತ್ತಿರುವರೆಂಬದನ್ನು ಯಂತ್ರವೇ ಗಮನಿಸಿ, ಒಬ್ಬರ ಕೆಲಸವನ್ನು ಹಿಂದಕ್ಕೆ ತಿರುಗಿಸಿ ಮತ್ತೊಬ್ಬರಿಗೆ ದಾರಿ ಬಿಡಿಸುವದು ಇನ್ನೊಂದು.

ಕಾರ್ಯದೊಳಗೊಂದು ಕಾರ್ಯವಿದ್ದರೆ ಏನು ಮಾಡಬೇಕೆಂಬದೇ ನಮಗೆ ಅತಿ ಕಠಿಣವಾಗಿ ತೋರಿದ ಪ್ರಶ್ನೆಯು. ಪಾಲುಪಟ್ಟಿಯು ಹೊರಗಿನ ಕಾರ್ಯ. ಒಬ್ಬೊಬ್ಬರ ಪಾಲನ್ನು ಬರೆಯುವದು ಒಳಗಿನ ಕಾರ್ಯ. ಒಬ್ಬರ ಪಾಲಿನ ನಕ್ಷೆಯಲ್ಲಿ ತೊಡಕು ಬಂದರೆ ಅದನ್ನು ಮಾತ್ರ ಅಳಿಸಿ ಮತ್ತೆ ಬರೆಯಬೇಕೇ ಹೊರತು, ನಾಲ್ವರ ಬರವಣಿಗೆಯನ್ನೂ ಕೆಡಿಸಬಾರದು. ಹಾಗಾದರೆ ಒಳಗಿನ ಕಾರ್ಯವು ಮುಗಿದೊಡನೆ ಅದರ ಬೀಗವನ್ನು ತೆರೆಯಬಹುದೆ? ತೆರೆದರೆ, ಸೊಸೈಟಿಯವರು ಆ ಸಾಲನ್ನು ನೋಡಿ ಸಾಲ ಕೊಟ್ಟುಬಿಡುವರು. ಮರುಗಳಿಗೆಯಲ್ಲಿ ಪಾಲುಪಟ್ಟಿಯೇ ರದ್ದಾದರೆ ಆ ಸಾಲವು ಎಂದೂ ಇಲ್ಲದಿದ್ದ ಪಾಲಿನ ಮೇಲೆ ನಿಲ್ಲುವದು. ಎಲಿಯಟ್ ಮಾಸ್ ಎಂಬವರು 1981ರಲ್ಲಿ ಎಂ.ಐ.ಟಿ.ಯಲ್ಲಿ ಬರೆದ ಪ್ರೌಢಪ್ರಬಂಧದಲ್ಲಿ ಇದಕ್ಕೆ ನಿಯಮಗಳನ್ನು ಕಟ್ಟಿಕೊಟ್ಟರು. ಮಗುವಿನ ಕಾರ್ಯವು ಮುಗಿದರೆ ಅದರ ಬೀಗಗಳು ತಾಯಿಯ ಕಾರ್ಯಕ್ಕೆ ಸೇರುವವು. ಮಗುವಿನ ಕಾರ್ಯವು ಕೆಟ್ಟರೆ ಅದು ಬರೆದದ್ದೆಲ್ಲ ಅಳಿಸಿ ಅದರ ಬೀಗಗಳು ತೆರೆಯುವವು, ಆದರೆ ತಾಯಿಯು ಹಿಡಿದಿದ್ದ ಬೀಗಗಳು ಹಾಗೆಯೇ ಉಳಿಯುವವು. ಹಿರಿಯರ ಕೈಯಲ್ಲಿರುವ ಬೀಗವನ್ನು ಮಗುವು ಬಳಸಬಹುದು. ಒಡಹುಟ್ಟಿದವರು ಮಾತ್ರ ಒಬ್ಬರಿಗೊಬ್ಬರು ಕಾಯಬೇಕು. ಎಲ್ಲರಿಗಿಂತ ಹೊರಗಿನ ಕಾರ್ಯವು ಮುಗಿದಾಗಲೇ ಎಲ್ಲವೂ ಲೋಕಕ್ಕೆ ಕಾಣಿಸುವದು.

ಪ್ರಚಲಿತ ಡೇಟಾಬೇಸುಗಳು ಈ ನಿಯಮಗಳನ್ನು ಒಂದೇ ರೀತಿಯಾಗಿ ಪಾಲಿಸುವದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್.ಕ್ಯೂ.ಎಲ್. ಸರ್ವರಿನಲ್ಲಿ ಒಳಗಿನ ಕಾರ್ಯದ ಆರಂಭವು ಬರಿಯ ಎಣಿಕೆಯನ್ನು ಹೆಚ್ಚಿಸುವದು. ಒಳಗಿನಿಂದ ಸಾಮಾನ್ಯ ರದ್ದತಿಯ ಆಜ್ಞೆ ಕೊಟ್ಟರೆ ಹೊರಗಿನದೂ ಸೇರಿ ಎಲ್ಲವೂ ರದ್ದಾಗುವದು. ಪೋಸ್ಟ್‌ಗ್ರೆಸ್ ಎಂಬದರಲ್ಲಿ 2005ರಲ್ಲಿ ಬಂದ 8.0 ಆವೃತ್ತಿಯಿಂದ ‘ಸೇವ್‌ಪಾಯಿಂಟ್’ ಎಂಬ ಗುರುತನ್ನಿಟ್ಟು ಅಲ್ಲಿಯವರೆಗೆ ಮಾತ್ರ ಹಿಂದಿರುಗುವ ಅನುಕೂಲವುಂಟು. ಎರಡನ್ನೂ ಒಂದೇ ಎಂದು ತಿಳಿದು ಬಳಸುವವರು ಬಹಳ ಕಷ್ಟಕ್ಕೀಡಾಗುವರು. ಆದ್ದರಿಂದ ಯಾವ ಬಾಗಿಲು ಹೇಗೆ ತೆರೆಯುವದೆಂದು ಮೊದಲೇ ಪರೀಕ್ಷಿಸಿಕೊಳ್ಳತಕ್ಕದ್ದು. ಬೀಗದ ವ್ಯವಸ್ಥೆಯನ್ನು ರಚಿಸುತ್ತಿದ್ದಾಗ ನಮ್ಮ ಪರೀಕ್ಷೆಗಳಲ್ಲಿ ನಾನು ಯಾವಾಗಲೂ ಐದು ಸಾಲುಗಳ ಒಂದು ಪಾಲುಪಟ್ಟಿಯನ್ನು ಇಡುತ್ತಿದ್ದೆನು. ಐದನೆಯ ಸಾಲಿನಲ್ಲಿ ಬೇಕೆಂದೇ ಕಾರ್ಯವನ್ನು ನಿಲ್ಲಿಸಿ, ಮೊತ್ತವು 180 ಬರುವದೋ ಎಂದು ನೋಡುತ್ತಿದ್ದೆನು. ಆ ಸಂಖ್ಯೆ ಎಲ್ಲಿಂದ ಬಂದಿತೆಂಬದು ಜೊತೆಯವರಿಗೆ ತಿಳಿದಿರಲಿಲ್ಲ.

ಪ್ರಿಯ ಸಹೋದರಿಯರೇ, ಯಂತ್ರದ ಬೀಗವು ಆರಂಭಿಸಿದ ಬರವಣಿಗೆಯನ್ನು ಅರ್ಧಕ್ಕೆ ನಿಲ್ಲಗೊಡದು. ಆದರೆ ಯಾರೂ ಆರಂಭಿಸದ ಬರವಣಿಗೆಯನ್ನು ಅದು ತಾನಾಗಿ ಬರೆಯಲಾರದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕವು 1994ರ ತಿದ್ದುಪಡಿಯಿಂದ, ಅಂದಿಗೆ ಮದುವೆಯಾಗಿದ್ದವರನ್ನು ಬಿಟ್ಟು, ಕೊಟ್ಟಿತು; 2005ರ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ಹಕ್ಕು ಕಾನೂನಿನಲ್ಲಿದ್ದರೂ ಹೆಸರು ಪಹಣಿಯಲ್ಲಿ ಬರಬೇಕಾದರೆ ಅರ್ಜಿಯೊಂದು ಬೀಳಲೇಬೇಕು. ಆದಕಾರಣ ನಿಮ್ಮ ತಾಯಂದಿರ, ಅತ್ತೆಯಂದಿರ ಪಹಣಿಗಳನ್ನು ಒಮ್ಮೆ ತರಿಸಿ ಓದಿರಿ. ಗುಂಟೆಗಳನ್ನು ಕೂಡಿಸಿ ನೋಡಿರಿ. ಮೊತ್ತವು ಸರಿಬಾರದಿದ್ದರೆ ಇಂದೇ ಕೇಳಿರಿ. ಈ ಶಾಲೆಯಲ್ಲಿ ನಾವು ಕಲಿತ ಕೂಡುವ ಲೆಕ್ಕವು ಅದಕ್ಕೆ ಧಾರಾಳವಾಗಿ ಸಾಕು.