ಮೊಢೇರಾದ ಬಿಸಿಲು, ನಮ್ಮ ಮನೆಯ ಬೇವು

ಬೆಳಕು ಎಲ್ಲರಿಗೂ ಬೇಕು. ಅದನ್ನು ಕಾಪಾಡಿಕೊಳ್ಳುವ ಹೊಣೆ ಮಾತ್ರ ಬೇಡ. ಪರರನ್ನು ಕುರಿತು ಆಡಿದ ಮಾತಲ್ಲವಿದು. ನಮ್ಮ ಮನೆಯ ಅನುಭವವೇ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಯ ಮನೆಗೆ ಸೌರದೀಪಗಳನ್ನು ಹಾಕಿಸಿದ್ದೆವು. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕೆಂದು ಹೇಳಿಹೋಗಿದ್ದರು. ನಾವು ಮರೆತೆವು. ಮೂರನೆಯ ವರ್ಷಕ್ಕೆ ದೀಪಗಳು ನಂದಿದವು. “ಸೋಲಾರ್ ನೆಚ್ಚುವಂಥದಲ್ಲ” ಎಂದು ತೀರ್ಪಿತ್ತೆವು. ಫಲಕವು ಮಾಳಿಗೆಯ ಮೇಲೆ ಶಾವಿಗೆ ಒಣಗಿಸುವ ಹಲಗೆಯಾಯಿತು.

ಆ ತೀರ್ಪಿನ ತಪ್ಪು ನಮಗೆ ಮನವರಿಕೆಯಾದುದು ಗುಜರಾತಿನ ಪ್ರವಾಸದಲ್ಲಿ. ಮೆಹಸಾಣಾ ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಪುಷ್ಪಾವತಿ ನದಿಯ ದಂಡೆಯ ಮೇಲೆ ಮೊಢೇರಾ ಎಂಬ ಊರಿದೆ. ಸೋಲಂಕಿ ಅರಸ ಒಂದನೆಯ ಭೀಮದೇವನ ಕಾಲದಲ್ಲಿ, 11ನೆಯ ಶತಮಾನದಲ್ಲಿ, ನಿರ್ಮಾಣಗೊಂಡ ಸೂರ್ಯದೇವಾಲಯ ಅಲ್ಲಿಯದು. ಇಂದು ಅಲ್ಲಿ ಪೂಜೆಯಿಲ್ಲ, ಶಿಲ್ಪವೈಭವ ಉಳಿದಿದೆ. ಮೆಟ್ಟಿಲುಗಳ ನಡುನಡುವೆ ಕಿರುಗುಡಿಗಳನ್ನು ಹೊಂದಿದ ಕುಂಡ, ಅದರಾಚೆ ಸಭಾಮಂಟಪ, ಅದರಾಚೆ ಗರ್ಭಗೃಹ. ಹಗಲಿರುಳು ಸಮವಾಗುವ ದಿನಗಳಲ್ಲಿ ಉದಯಕಿರಣವು ನೇರವಾಗಿ ಗರ್ಭಗೃಹವನ್ನು ಮುಟ್ಟುವಂತೆ ದಿಕ್ಕನ್ನು ಅಳೆದು ಕಟ್ಟಿದ್ದಾರೆ. ಕಲ್ಲನ್ನಿಡುವ ಮೊದಲು ಆ ಶಿಲ್ಪಿಗಳು ಸೂರ್ಯನ ನಡೆಯನ್ನು ಅದೆಷ್ಟು ಕಾಲ ನೋಡಿರಬೇಕು!

ಅದೇ ಊರು 2022ರ ಅಕ್ಟೋಬರ್ 9ರಂದು ದೇಶದ ಮೊದಲ ಇಪ್ಪತ್ನಾಲ್ಕು ತಾಸಿನ ಸೌರಗ್ರಾಮವೆಂದು ಘೋಷಿತವಾಯಿತು. ಮನೆಗಳ ಹಾಗೂ ಸರಕಾರಿ ಕಟ್ಟಡಗಳ ಮೇಲೆ ತಲಾ 1 ಕಿಲೋವ್ಯಾಟಿನ 1,300ಕ್ಕೂ ಹೆಚ್ಚು ಘಟಕಗಳು. ಸಮೀಪದ ಸುಜ್ಜನಪುರದಲ್ಲಿ 6 ಮೆಗಾವ್ಯಾಟಿನ ಸ್ಥಾವರ. ಹಗಲಿನ ವಿದ್ಯುತ್ತನ್ನು ಇರುಳಿಗೆ ಕೂಡಿಡಲು ದೊಡ್ಡ ಬ್ಯಾಟರಿ ವ್ಯವಸ್ಥೆಯೂ ಉಂಟು.

ದೇವಾಲಯದಿಂದ ಊರೊಳಗೆ ನಡೆದಾಗ ಒಂದು ಮನೆಯ ತಾಯಿ ನಮ್ಮನ್ನು ‘ಕಾಕಾ’ ಎಂದೇ ಕರೆದು ಕೂರಿಸಿ ನೀರು ಕೊಟ್ಟರು. ನಮ್ಮ ಸೀಮೆಯ ಸಂಬೋಧನೆಯನ್ನೇ ಅಷ್ಟು ದೂರದಲ್ಲಿ ಕೇಳಿ ಹಿತವೆನಿಸಿತು. ಮಾತು ಹರಕುಮುರುಕು ಹಿಂದಿಯಲ್ಲಿ ನಡೆಯಿತು. ಅವರು ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಫಲಕದ ಧೂಳನ್ನು ತೊಳೆಯುತ್ತಾರೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಲಾಗದೆಂದು ನಡುಹಗಲಲ್ಲಿ ಮುಟ್ಟುವುದಿಲ್ಲ. ಮಾತಿನ ನಡುವೆಯೇ ಎದ್ದು ಒಳಕೋಣೆಯ ಫ್ಯಾನನ್ನು ನಿಲ್ಲಿಸಿ ಬಂದರು. “ಬಿಸಿಲು ಪುಕ್ಕಟೆಯಲ್ಲವೇ?” ಎಂದೆವು. “ಬಿಸಿಲು ಪುಕ್ಕಟೆ ಕಾಕಾ, ಫಲಕ ಒಂದೇ ಕಿಲೋವ್ಯಾಟಿನದು. ನಾವು ಅದರೊಳಗೆ ಬಾಳಬೇಕು” ಎಂದರು. ಹಲವು ಗ್ರಂಥಗಳನ್ನು ಓದಿದ ನಮಗೆ ಆ ಮಾತು ಹೊಸ ಪಾಠವಾಯಿತು.

ಊರಿಗೆ ಮರಳಿ ಲೆಕ್ಕಕ್ಕೆ ಕುಳಿತೆವು. 1 ಕಿಲೋವ್ಯಾಟ್ ಘಟಕಕ್ಕೆ ಸುಮಾರು 100 ಚದರಡಿ ನೆರಳಿಲ್ಲದ ಮಾಳಿಗೆ ಬೇಕು. ನಮ್ಮ ಬಿಸಿಲಿನಲ್ಲಿ ಅದು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಫಲಕ ದಕ್ಷಿಣಕ್ಕೆ ಮುಖಮಾಡಿ ತುಸು ವಾಲಿರಬೇಕು. ಹಗಲು ಹೆಚ್ಚಾದ ವಿದ್ಯುತ್ತು ತಂತಿಗೆ ಹರಿಯುತ್ತದೆ, ಇರುಳು ಬೇಕಾದುದು ಅಲ್ಲಿಂದ ಬರುತ್ತದೆ. ಎರಡನ್ನೂ ನೆಟ್ ಮೀಟರ್ ಬರೆದಿಡುತ್ತದೆ. ಒಂದು ಮಾತನ್ನು ಗೃಹಸ್ಥರು ಮೊದಲೇ ತಿಳಿದಿರಬೇಕು: ಬ್ಯಾಟರಿಯಿಲ್ಲದ ಇಂಥ ಘಟಕವು ಊರಿನ ಕರೆಂಟು ಹೋದರೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣರಕ್ಷಣೆಗಾಗಿ ಆ ಏರ್ಪಾಡು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯು 2 ಕಿಲೋವ್ಯಾಟಿಗೆ 60,000 ರೂ., 3 ಕಿಲೋವ್ಯಾಟಿಗೆ 78,000 ರೂ. ಸಹಾಯಧನವನ್ನು ನಿಗದಿಪಡಿಸಿತು.

ನಮ್ಮ ಮಗ 3 ಕಿಲೋವ್ಯಾಟ್ ಬೇಕೆಂದ. ಅಳತೆಗೆ ಬಂದ ಕೆಲಸಗಾರ ಮಾಳಿಗೆಯ ಮೇಲೆ ನಿಂತು, “ಯಜಮಾನರೇ, ನೈಋತ್ಯದ ಬೇವಿನ ಮರ ತೆಗೆಸಬೇಕಾದೀತು” ಎಂದ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆ ಕುಂದುವುದೆಂಬ ಅವನ ಮಾತು ಸರಿಯೇ. ಆದರೆ ಆ ಬೇವು ನಮ್ಮ ತಾಯಿಯವರು ನೆಟ್ಟದ್ದು. ಬೇಸಗೆಯಲ್ಲಿ ಪಡುವಣ ಬಿಸಿಲನ್ನು ತಡೆದು ಮನೆಯನ್ನು ತಂಪಾಗಿಡುವುದೂ ಅದೇ. ಮಗ ಸುಮ್ಮನಾದ, ನಾವೂ ಎರಡು ದಿನ ಸುಮ್ಮನಿದ್ದೆವು. ಕೊನೆಗೆ ನಮ್ಮ ಮನೆಯವರು ಕೇಳಿದರು: “ಗಿಡ ಕಡಿದು ಫ್ಯಾನ್ ತಿರುಗಿಸಬೇಕೇನ್ರೀ?”

ಮರ ಉಳಿಯಿತು. ಮೂಡಣ ಭಾಗದಲ್ಲಿ ನೆರಳು ತಾಗದೆಡೆ 2 ಕಿಲೋವ್ಯಾಟಿಗಷ್ಟೇ ಸ್ಥಳವಿತ್ತು. ಅದರೊಳಗೆ ಬಾಳಲು ಮನೆಯನ್ನೇ ತಿದ್ದಬೇಕಾಯಿತು. 2,000 ವ್ಯಾಟಿನ ಗೀಸರಿನ ಬದಲು ಸೌರ ಜಲತಾಪಕ ಬಂದಿತು. 60 ವ್ಯಾಟಿನ ಬಲ್ಬುಗಳಿದ್ದಲ್ಲಿ 9 ವ್ಯಾಟಿನ ಎಲ್‌ಇಡಿ ದೀಪಗಳು ಬಂದವು. ಮಳೆಗಾಲದ ಮೋಡದ ದಿನಗಳಲ್ಲಿ ಉತ್ಪಾದನೆ ಇಳಿಯುತ್ತದೆ. ಆಗ ಬಿಲ್ಲು ಕಟ್ಟುತ್ತೇವೆ. ಉಳಿದ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಸರಿದೂಗುತ್ತದೆ.

2023ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಬಿಲ್ಲೇ ಇಲ್ಲದಿರುವಾಗ ಈ ಖರ್ಚೇಕೆಂದು ಕೇಳುವ ನೆಂಟರಿದ್ದಾರೆ. ಬಡವರ ಮನೆಗೆ ಅದು ಆಸರೆ, ನಿಜ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯದೆ ಇರುವುದಿಲ್ಲ. ಶಕ್ತಿಯುಳ್ಳವರು ತಮ್ಮ ಮಾಳಿಗೆಯ ಬಿಸಿಲನ್ನು ವ್ಯರ್ಥಗೊಳಿಸದಿರುವುದು ಲೇಸು.

ಓದುಗರಲ್ಲಿ ನಮ್ಮ ಬಿನ್ನಹವಿಷ್ಟೆ. ಫಲಕವನ್ನು ಕೊಳ್ಳುವ ಮುನ್ನ ಒಂದು ತಿಂಗಳು ಮನೆಯ ಬಳಕೆಯನ್ನು ಬರೆದಿಡಿರಿ. ಕಡಿಮೆ ಮಾಡಬಹುದಾದುದನ್ನು ಮಾಡಿ, ಆಮೇಲೆ ಅಳತೆ ನಿರ್ಧರಿಸಿರಿ. ಹಾಕಿಸಿದ ಮೇಲೆ ಮರೆಯದಿರಿ. ಈಗ ಹದಿನೈದು ದಿನಕ್ಕೊಮ್ಮೆ ಮುಂಜಾನೆ ಬಕೆಟ್ಟು, ಬಟ್ಟೆ ಹಿಡಿದು ನಾವೇ ಮಾಳಿಗೆ ಹತ್ತುತ್ತೇವೆ. ಶಾವಿಗೆ ಒಣಗಿಸಲು ಮನೆಯವರಿಗೆ ಬೇರೆ ಹಲಗೆ ಮಾಡಿಸಿಕೊಟ್ಟಿದ್ದೇವೆ.